ತಡವಾಗಿ ಬೀಳುವ ಏಟು

ಈ ಬಟನ್ನು ಮೊದಲು ಕೆಂಪಗಿತ್ತಲ್ಲ, ಗುಂಡಗೆ ಕೆಂಪಗೆ, ಒತ್ತಿದರೆ ಮಿಣಮಿಣ ಅನ್ನುತ್ತಿತ್ತು, ರೆಕಾರ್ಡ್ ಆಗ್ತಿದೆ ಬಾಯ್ಮುಚ್ಚಿ ಎಲ್ಲರೂ ಎಂದು ಗದರಿಸುವ ಹಾಗೆ, ಈಗ ನೋಡಿದರೆ ಬೂದುಬಣ್ಣದ ಚೌಕ, ಮೂಲೆಗಳನ್ನು ಸವರಿ ನುಣ್ಣಗೆ ಮಾಡಿದ್ದಾರೆ, ಯಾರಿಗೂ ಚುಚ್ಚಬಾರದು ಅಂತ ಇರಬೇಕು — ಇಪ್ಪತ್ತೆರಡು ವರ್ಷ ಈ ಕೋಣೆಯಲ್ಲಿ ಕೂತು ಬೇರೆಯವರ ಹಾಡು ರೆಕಾರ್ಡ್ ಮಾಡಿ ಹೊಟ್ಟೆ ಹೊರೆದವಳು ನಾನು, ಕಣ್ಣು ಮುಚ್ಚಿ ಬೆರಳಿಟ್ಟರೂ ಸರಿಯಾದ ಜಾಗಕ್ಕೇ ಬೀಳುತ್ತಿತ್ತು, ಗುರುವಾರ ಈ ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿಕೊಂಡ ಮೇಲೆ ಸ್ವಂತ ಅಡುಗೆಮನೆಯಲ್ಲೇ ಉಪ್ಪಿನ ಡಬ್ಬಿ ಹುಡುಕುವವಳ ಹಾಗಾಗಿದ್ದೇನೆ. ಮೂರೂಕಾಲು. ನಾಲ್ಕಕ್ಕೆ ಅಣ್ಣ ಬರುತ್ತಾನೆ. ಫೋನು ಮತ್ತೆ ಗುಂಯ್ ಅಂತು, ಗುಂಪಿನದೇ ಇರಬೇಕು, ಮೂರು ದಿನದಿಂದ ನಮ್ಮ ವಾದ್ಯದವರ ಗುಂಪಿಗೆ ಬೇರೆ ಮಾತೇ ಇಲ್ಲ, ಕೊಳಲಿನವರಿಗಂತೂ ಹಾಲು ಕುಡಿದಷ್ಟು ಸಂತೋಷ, ನಮ್ಮಪ್ಪನ ಹಳೇ ಕ್ಯಾಸೆಟ್ ಇದಕ್ಕೆ ಹಾಕ್ದೆ ಕಣ್ರಮ್ಮ, ಕೆಮ್ಮೋರು ಕುರ್ಚಿ ಎಳೆಯೋರು ಎಲ್ಲಾ ಮಾಯ, ಬರೀ ಕೊಳಲು ಉಳೀತು, ಕೂತು ಅತ್ತುಬಿಟ್ಟೆ ಅಂತ ಬರೆದಿದ್ದರು, ಅದೂ ಸುಳ್ಳಲ್ಲ, ನನಗೂ ಕಳಿಸಿದ್ದರು, ಕೇಳಿ ಮೈ ಜುಮ್ಮೆಂದಿತು. ಹಾಡುವ ಹುಡುಗಿಗೆ ಉಸಿರೆಳೆಯುವ ಸದ್ದು ತಾನಾಗಿ ಹೋಗುತ್ತದೆ ಅಂತ ಸಂಭ್ರಮ, ಉಸಿರಾಡದೆ ಹಾಡೋಳು ದೆವ್ವ ಕಣೇ ಅಂತ ಬೇಸ್ ಗಿಟಾರಿನವನು ಅವಳ ಕಾಲೆಳೆದ, ಅವನಿಗೆ ಹೊಸದು ಏನು ಬಂದರೂ ಮೈ ಉರಿ, ಇಪ್ಪತ್ತು ವರ್ಷ ಕಲ್ತ ಬಟನ್ನುಗಳನ್ನ ಒಂದೇ ದಿನಕ್ಕೆ ಎತ್ತಂಗಡಿ ಮಾಡಿದಾರೆ, ಇನ್ನು ಕಲಿಯೋಕೆ ಆಯಸ್ಸು ಇವರಪ್ಪ ಕೊಡ್ತಾನಾ ಅಂತ ಕೂಗಾಡಿದ. ಪಿಟೀಲಿನ ಅಜ್ಜಿ ಎಲ್ಲರಿಗಿಂತ ಕೊನೆಗೆ, ನನ್ನ ಪಿಟೀಲಿಗೆ ಇನ್ನೂ ಹೊಸ ಆವೃತ್ತಿ ಬಂದಿಲ್ಲ, ಬಂದ್ರೆ ತಿಳಿಸ್ತೀನಿ. ನಾನೂ ನಗುವ ಮುಖ ಹಾಕಿದ್ದೆ. ಇವತ್ತು ಬೆಳಿಗ್ಗೆ ಹತ್ತು ಗಂಟೆಯವರೆಗೂ ನಗುತ್ತಲೇ ಇದ್ದೆ.

ಓದಬೇಕಿತ್ತು, ಒಂದು ಸಾಲು ಓದಿದ್ದರೆ ಕಣ್ಣು ಸವೆಯುತ್ತಿತ್ತೇ — ನಿನ್ನೆ ಬೆಳಿಗ್ಗೆ ಅದು ಕೇಳಿತು, ನಿಮ್ಮ ಹಳೆಯ ರೆಕಾರ್ಡಿಂಗುಗಳನ್ನೆಲ್ಲ ಹೊಸ ಆವೃತ್ತಿಗೆ ಒಗ್ಗಿಸಲೇ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು, ಲಯದ ತಪ್ಪುಗಳನ್ನು ಸರಿಪಡಿಸು, ಪಕ್ಕದಲ್ಲಿ ಅವರೇ ಮೊದಲೇ ಟಿಕ್ಕು ಹಾಕಿಟ್ಟಿದ್ದರು, ನಾನು ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡು ಸರಿ ಅಂತ ಒತ್ತಿದೆ. ಎಲ್ಲರೂ ಹಾಗೇ ಒತ್ತುತ್ತಾರೆ, ಸಾವಿರ ಸಲ ಒತ್ತಿದ್ದೇನೆ, ಸಾವಿರ ಸಲ ಏನೂ ಆಗಿರಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಪಕ್ಕದ ಡಿಸ್ಕು ಎಲ್ಲವನ್ನೂ ತಾನಾಗಿ ನಕಲು ಮಾಡಿಕೊಳ್ಳುತ್ತದೆ, ಆ ಏರ್ಪಾಟಿನ ಬಗ್ಗೆ ನನಗೆಷ್ಟು ಜಂಬ, ಗುಂಪಿನಲ್ಲಿ ಯಾರದಾದರೂ ಕಂಪ್ಯೂಟರ್ ಕೆಟ್ಟರೆ ಉಪದೇಶ ಮಾಡುತ್ತಿದ್ದೆ, ಅದು ಹಳೆಯದರ ಮೇಲೇ ಹೊಸದನ್ನು ಬರೆದು ಕೂತಿತ್ತು. ಇವತ್ತು ಬೆಳಿಗ್ಗೆ ಅಣ್ಣನಿಗೆಂದು, ಅವನೇ ಬಾರಿಸಿದ ನಮ್ಮ ಹಳೇ ಹಾಡುಗಳಲ್ಲಿ ಮೂರನೆಯದನ್ನು ತೆಗೆದಿಟ್ಟುಕೊಂಡೆ, ಡ್ರಮ್ಸ್ ಶುರುವಾಯಿತು. ಅದೇ ಡ್ರಮ್ಮು, ಅದೇ ಕೈ, ಆದರೆ ಯಾರೋ ಬೇರೆಯವನು. ತೆರೆಯಲ್ಲಿ ದೊಡ್ಡದು ಮಾಡಿ ನೋಡಿದರೆ ಒಂದೊಂದು ಏಟೂ ಸಾಫ್ಟ್‌ವೇರ್ ಎಳೆದಿಟ್ಟ ತಾಳದ ಗೆರೆಯ ಮೇಲೆ ಹೋಗಿ ನಿಂತಿದೆ, ಶಾಲೆಯ ಪ್ರಾರ್ಥನೆಗೆ ನಿಲ್ಲಿಸಿದ ಮಕ್ಕಳ ಹಾಗೆ. ಹನ್ನೊಂದು ಹಾಡಿಗೂ ಹಾಗೇ. ಬೇಸಿನವನಿಗೆ ಫೋನು ಮಾಡಿದೆ, ಅಕ್ಕಾ ನಿಂದು ಬ್ಯಾಕಪ್ ಅಲ್ಲ, ಕನ್ನಡಿ, ಎದುರಿಗೆ ಏನಿದೆಯೋ ಅದನ್ನ ತಾನೇ ತೋರ್ಸೋದು ಅಂದ, ಆಮೇಲೆ, ಅಣ್ಣಂಗೆ ಗೊತ್ತಾ ಅಂದ. ಕಂಪನಿಯ ಸಹಾಯದ ನಂಬರಿನಲ್ಲಿ ಒಬ್ಬ ಹುಡುಗಿ ಬಹಳ ವಿನಯದಿಂದ, ಮೇಡಂ, ಈಗ ನಿಮ್ಮ ಲಯ ಮೊದಲಿಗಿಂತ ಚೆನ್ನಾಗಿರುತ್ತೆ ಅಲ್ವಾ. ಕೆಟ್ಟ ಮೇಲೆ ಬುದ್ಧಿ ಬಂತು ಅಟ್ಟ ಮೇಲೆ ಒಲೆ ಉರಿಯಿತು, ಆ ಹುಡುಗಿಯ ಮೇಲೆ ರೇಗಿ ಏನು ಬಂತು.

ಅಪ್ಪನ ಹೊಲಿಗೆ ಮಿಷನ್ನಿನ ಚರ್ಮದ ಬೆಲ್ಟು ಒಮ್ಮೆ ಹರಿದಿತ್ತಂತೆ, ನಾನಿನ್ನೂ ಹುಟ್ಟಿರಲಿಲ್ಲ, ಅಪ್ಪ ಅದಕ್ಕೆ ತಂತಿ ಹಾಕಿ ಜೋಡಿಸಿದ್ದರು, ಆ ಗಂಟು ಚಕ್ರದ ಮೇಲೆ ಹಾಯುವಾಗಲೆಲ್ಲ ಮಿಷನ್ನು ಒಂದು ಕ್ಷಣ ಹಿಂದೆಮುಂದೆ ನೋಡಿ ಆಮೇಲೆ ಟಕ್ ಅನ್ನುತ್ತಿತ್ತು, ಹೊಸ ಬೆಲ್ಟು ತರಬಾರದಾ ಅಂತ ಅಮ್ಮ, ಓಡ್ತಿದೆಯಲ್ಲೇ ಬಿಡು ಅಂತ ಅಪ್ಪ, ದರ್ಜಿಗೆ ಬೆಳಗಿನಿಂದ ಸಂಜೆಯವರೆಗೆ ಅದೇ ಕೆಲಸ, ಅಣ್ಣನ ತೊಟ್ಟಿಲು ಅದರ ಮಗ್ಗುಲಲ್ಲೇ, ಕೇಳಿ ಕೇಳಿ ಅವನ ರಕ್ತಕ್ಕೇ ಇಳಿದಿರಬೇಕು. ಅವನಿಗೆ ಹದಿನಾಲ್ಕು ನನಗೆ ಒಂಬತ್ತು, ಬೇಳೆ ಡಬ್ಬಿ ಅಕ್ಕಿ ಡಬ್ಬಿ ಬೋರಲು ಹಾಕಿಕೊಂಡು ಎರಡು ಸೌದೆ ಚಕ್ಕೆಯಲ್ಲಿ ಬಾರಿಸುತ್ತಿದ್ದ, ನಾನು ಚಿಕ್ಕಪ್ಪ ಕೊಟ್ಟ ಟೇಪ್ ರೆಕಾರ್ಡರಿನ ಎರಡು ಕೀಲಿಗಳನ್ನು ಒಟ್ಟಿಗೇ ಒತ್ತಿ ಹಿಡಿದು ಕೂರಬೇಕು, ಏ ಪುಟ್ಟಿ, ಉಸಿರಾಡ್ಬೇಡ, ಅದೂ ಬೀಳುತ್ತೆ. ಒಂದು ಎರಡು ಮೂರು, ನಾಲ್ಕು — ಆ ನಾಲ್ಕು ಮಾತ್ರ ಒಂದು ಕೂದಲೆಳೆಯಷ್ಟು ತಡ, ಎಂದೂ ತಪ್ಪದ ತಡ, ಬೀಳಬೇಕಾದ ಏಟು ಬಿದ್ದೇ ಇಲ್ಲ ಅನ್ನುವಷ್ಟರಲ್ಲಿ ಬೀಳುತ್ತಿತ್ತು. ಆಮೇಲೆ ಬ್ಯಾಂಡು ಕಟ್ಟಿದಾಗ ಎಲ್ಲರೂ ಅವನನ್ನು ಆಮೆ ಅಂತಲೇ ಕರೆದರು, ಆಮೆ ಬಂದ, ಆಮೆಗೆ ಟೀ ಹೇಳು, ಅವನಿಗೆ ಕೋಪವೇ ಇಲ್ಲ, ನಾನು ಸರಿಯಾಗೇ ಬಾರಿಸ್ತಿದೀನಿ ಕಣ್ರೋ, ನೀವೇ ಬೆಂಕಿ ಬಿದ್ದೋರ ಥರ ಓಡ್ತೀರಾ ಅನ್ನುತ್ತಿದ್ದ, ತಮಾಷೆಗಲ್ಲ, ನಿಜವಾಗಿ ನಂಬಿದ್ದ, ಈಗಲೂ ನಂಬಿದ್ದಾನೆ. ಆದರೆ ಹಾಡುವವರು ಅವನೇ ಬೇಕೆಂದು ಕಾಯುತ್ತಿದ್ದರು, ಬೇರೆಯವರು ಬಾರಿಸಿದರೆ ಹಿಂದಿನಿಂದ ದೂಡಿದ ಹಾಗಿರುತ್ತೆ, ನಿಮ್ಮಣ್ಣ ಬಾರಿಸಿದ್ರೆ ಕೂತ್ಕೊಳ್ಳಮ್ಮ ಅಂದ ಹಾಗಿರುತ್ತೆ ಅಂತ ಆಗ ಹಾಡುತ್ತಿದ್ದವಳು ಹೇಳಿದ್ದಳು. ಆ ಹನ್ನೊಂದು ಹಾಡು ನಮ್ಮದೇ, ಇದೇ ಕೋಣೆಯಲ್ಲಿ, ಫ್ಯಾನಿನ ಸದ್ದು ಬೀಳಬಾರದೆಂದು ಅದನ್ನೂ ನಿಲ್ಲಿಸಿ ಬೆವರಿ ನೀರಾಗಿ ರೆಕಾರ್ಡ್ ಮಾಡಿದ್ದು, ಕ್ಯಾಸೆಟ್ ಕಂಪನಿಯವನು ಕೇಳಿ, ಎಲ್ಲಾ ಸರಿ, ಡ್ರಮ್ಸಿನವನು ತಾಳ ಎಳೀತಾನೆ ಅಂದ, ಅಣ್ಣನ ಏಟುಗಳನ್ನು ಕಿತ್ತುಹಾಕಿ ರಿದಂ ಮಿಷನ್ನಿನ ತಾಳ ಸೇರಿಸಿ ಹೊರತಂದ. ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ನಮ್ಮದೇ ಹಾಡು ಬಂತು, ಅಣ್ಣ ಲೋಟ ಕೆಳಗಿಟ್ಟು ಪೂರ್ತಿ ಕೇಳಿ, ಪರವಾಗಿಲ್ವೇ, ಯಾರು ಬಾರಿಸಿದ್ದು ಇದು, ಅಂದ. ಅವನು ನಗುತ್ತಿದ್ದ, ನನಗೆ ಅಳು ಬಂದಿತ್ತು. ಅವನ ನಿಜವಾದ ಏಟು ಆಮೇಲೆ ಉಳಿದದ್ದು ನನ್ನ ಈ ಪೆಟ್ಟಿಗೆಯೊಳಗೆ ಮಾತ್ರ, ನಾನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದುಕೊಂಡು ಬಂದದ್ದು, ಕಂಪ್ಯೂಟರಿನಿಂದ ಕಂಪ್ಯೂಟರಿಗೆ, ಡಿಸ್ಕಿನಿಂದ ಡಿಸ್ಕಿಗೆ, ನಿನ್ನೆ ಬ್ರೆಡ್ಡು ತಿನ್ನುತ್ತಾ ನಾನೇ ಅಳಿಸಿದ್ದು.

ಗೇಟಿನ ಸದ್ದು. ಅಲ್ಲ, ಪಕ್ಕದ ಮನೆಯವರು. ಎರಡು ವರ್ಷದ ಹಿಂದೆ ಅವನಿಗೆ ಪಾರ್ಶ್ವವಾಯು ಹೊಡೆದಾಗ ಬಲಗೈ ಪೂರ್ತಿ ಹೋಗಿತ್ತು, ಆಸ್ಪತ್ರೆಯಲ್ಲಿ ಹೊದಿಕೆಯ ಮೇಲೆ ಬೇರೆ ಯಾರದೋ ಕೈ ತಂದಿಟ್ಟ ಹಾಗೆ ಬಿದ್ದುಕೊಂಡಿತ್ತು, ವ್ಯಾಯಾಮ ಕಲಿಸುವವಳು ಯಾವುದಾದರೂ ತಾಳಕ್ಕೆ ಬೆರಳು ತಟ್ಟಿ ಅಂದಾಗ ಅವನು ಹಠ ಹಿಡಿದ, ತಟ್ಟೋದಾದ್ರೆ ನನ್ನದಕ್ಕೇ ತಟ್ತೀನಿ, ನನ್ನ ಕೈ ಎಲ್ಲಿತ್ತೋ ಅಲ್ಲಿಗೆ ಹೋಗ್ಬೇಕು. ಅಂದಿನಿಂದ ಪ್ರತಿ ಶನಿವಾರ ನಾಲ್ಕು ಗಂಟೆಗೆ ಅತ್ತಿಗೆ ಆಟೋದಲ್ಲಿ ಕರೆದುತಂದು ಆ ಮೂಲೆಯ ಕುರ್ಚಿಯಲ್ಲಿ ಕೂರಿಸಿ ಹೋಗುತ್ತಾರೆ, ನಾನು ಹಾಡು ಹಾಕುತ್ತೇನೆ, ಅವನು ಮಂಡಿಯ ಮೇಲೆ ತೋರುಬೆರಳು ಇಟ್ಟುಕೊಂಡು ಕಾಯುತ್ತಾನೆ. ಮೊದಲ ನಾಲ್ಕು ತಿಂಗಳು ಬೆರಳು ಏಳಲೇ ಇಲ್ಲ. ಆಮೇಲೆ ಎದ್ದಿತು, ಎಲ್ಲೆಲ್ಲೋ ಬಿತ್ತು, ಕುಡುಕನ ಹೆಜ್ಜೆ ಅಂತ ಅವನೇ ನಕ್ಕ. ಹೋದ ತಿಂಗಳಿಂದ, ದೇವರೇ, ಆ ನಾಲ್ಕನೇ ಏಟಿನ ಜೊತೆಗೇ, ಆ ಕೂದಲೆಳೆಯ ತಡಕ್ಕೂ ಸರಿಯಾಗಿ, ಸ್ಪೀಕರಿನಲ್ಲಿ ಇಪ್ಪತ್ತು ವರ್ಷದ ಹಿಂದಿನವನು ಮಂಡಿಯ ಮೇಲೆ ಈಗಿನವನು ಒಂದೇ ಸಲಕ್ಕೆ ಬಿದ್ದರು, ನಾನು ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಬೇಸಿನವನು ಮುಂದಿನ ತಿಂಗಳ ಕಾರ್ಯಕ್ರಮಕ್ಕೆ ಒಂದೇ ಒಂದು ಹಾಡಿಗೆ ಬಾ ಅಂತ ಕರೆದಿದ್ದಾನೆ. ಈ ಶನಿವಾರ ಇನ್ನೊಂದ್ಸಲ ನೋಡಿ ಹೇಳ್ತೀನಿ ಕಣೋ ಅಂದಿದ್ದಾನೆ ಅಣ್ಣ. ಈ ಶನಿವಾರ ಅಂದರೆ ಇವತ್ತು.

ಈಗ ನಿಜವಾಗಿ ಗೇಟು, ಅತ್ತಿಗೆಯ ಚಪ್ಪಲಿ, ಅಣ್ಣನ ಕೋಲು, ಟಕ್ ಟಕ್ — ಶರ್ಟು ಇಸ್ತ್ರಿ ಮಾಡಿದ್ದು ಹಾಕಿದ್ದಾನೆ, ತಲೆ ನುಣ್ಣಗೆ ಬಾಚಿದ್ದಾನೆ, ಬೆಳಿಗ್ಗೆಯಿಂದ ಕುಣೀತಿದಾರೆ ನಿಮ್ಮಣ್ಣ, ನಾನು ಔಷಧಿ ಅಂಗಡಿಗೆ ಹೋಗ್ಬರ್ತೀನಿ ಕಣಮ್ಮ, ಅತ್ತಿಗೆ ಹೊರಟೇಬಿಟ್ಟರು. ಹೇಳಬೇಕು, ಈಗಲೇ ಹೇಳಬೇಕು. ಅಣ್ಣ, ಇವತ್ತು ಬೇಡ, ಕಂಪ್ಯೂಟರ್ ಸರಿಯಿಲ್ಲ. ಏನಾಗಿದೆ ಅದಕ್ಕೆ, ಉರೀತಿದೆಯಲ್ಲ, ಮೂರನೇದು ಹಾಕೇ. ಟೀ ಕುಡಿದು ಆಮೇಲೆ... ಟೀ ಎಲ್ಲಿ ಓಡಿಹೋಗುತ್ತೆ, ಹಾಕು ಪುಟ್ಟಿ. ಐವತ್ತು ದಾಟಿದವಳನ್ನು ಪುಟ್ಟಿ ಅಂತ ಕರೆಯುವವನು ಇವನೊಬ್ಬನೇ ಉಳಿದಿರುವುದು. ಹಾಕಿದೆ. ಯಾಕೆ ಹಾಕಿದೆ, ಹೇಡಿ ನಾನು. ಗಿಟಾರು ಬಂತು, ಒಂದು ಎರಡು ಮೂರು, ನಾಲ್ಕು ಸ್ಪೀಕರಿನಲ್ಲಿ ಬಿತ್ತು, ಅವನ ಬೆರಳು ಆಮೇಲೆ ಬಿತ್ತು. ಮತ್ತೆ. ಏಟು, ಆಮೇಲೆ ಬೆರಳು. ಅವನ ಹುಬ್ಬು ಗಂಟಿಕ್ಕಿತು, ಕೈ ಕೊಡವಿಕೊಂಡ, ಮತ್ತೆ ಇಟ್ಟ, ಏಟು, ಆಮೇಲೆ ಬೆರಳು. ನಿಲ್ಸು. ಹಿಂದೆ ಬೀಳ್ತಿದೆ ಕಣೇ, ಹೋದ ವಾರ ಸರಿಯಿತ್ತಲ್ಲ, ಅಂದ, ದನಿ ಸಣ್ಣಗಾಗಿತ್ತು, ಕೈ ಮತ್ತೆ ಹೋಗ್ತಿದೆಯೇನೋ, ಬೇಸಿನೋನಿಗೆ ಹೇಳ್ಬಿಡು ಬರಲ್ಲ ಅಂತ. ಆಗ ಬಂತು ನನ್ನ ಬಾಯಿಂದ, ಎಲ್ಲಾ ಒಟ್ಟಿಗೇ, ಕೈ ಅಲ್ಲ ಅಣ್ಣ, ನಿನ್ನ ಕೈ ಸರಿಯಿದೆ, ನಾನು ಓದದೆ ಒತ್ತಿಬಿಟ್ಟೆ, ಇದು ನಿನ್ನ ಏಟುಗಳನ್ನೆಲ್ಲ ಮುಂದಕ್ಕೆ ಎಳೆದುಬಿಟ್ಟಿದೆ, ನೋಡು ಇಲ್ಲಿ ಗೆರೆ, ನೋಡು — ಅವನು ತೆರೆಯನ್ನು ನೋಡಲೇ ಇಲ್ಲ, ನನ್ನನ್ನು ನೋಡಿದ, ಚಿಕ್ಕವಳಿದ್ದಾಗ ಬಿದ್ದು ಬಂದರೆ ನೋಡುತ್ತಿದ್ದ ಹಾಗೆ. ಸಮಾಧಾನ ಮಾಡೋಕೆ ಇಷ್ಟು ದೊಡ್ಡ ಸುಳ್ಳು ಬೇಡ ಕಣೇ, ನಾನು ಯಾವತ್ತೂ ಹೀಗೇ ಬಾರಿಸಿದ್ದು, ಗೆರೆ ಹೊಡೆದ ಹಾಗೆ, ನೀವೇ ಎಳೀತಾನೆ ಅಂತಿದ್ರಿ. ಕೇಳು, ಎಷ್ಟು ಚೆನ್ನಾಗಿ ಬಾರಿಸಿದೀನಿ. ಅದಲ್ಲ ಅಂತ ತೋರಿಸಲು ನನ್ನ ಬಳಿ ಏನಿದೆ, ಕಂಪನಿಯವನ ಕ್ಯಾಸೆಟ್ಟೇ, ಆ ಕನ್ನಡಿ ಡಿಸ್ಕೇ, ಅಪ್ಪನ ಮಿಷನ್ನು ಗುಜರಿಗೆ ಹೋಗಿ ಎಷ್ಟು ಕಾಲವಾಯಿತು. ಇನ್ನೊಂದ್ಸಲ ಹಾಕು, ಅಂದ. ಬೇಡ ಅಣ್ಣ. ಹಾಕೇ.

ಕಣ್ಣು ಮುಚ್ಚಿದ್ದಾನೆ. ತುಟಿ ಕಚ್ಚಿದ್ದಾನೆ. ಏಟು, ಆಮೇಲೆ ಬೆರಳು. ಕತ್ತು ಮುಂದಕ್ಕೆ ಬಂದಿದೆ, ಹಣೆಯಲ್ಲಿ ಬೆವರು, ಓಡುವ ಬಸ್ಸು ಹಿಡಿಯುವವನ ಹಾಗೆ, ಬೇಡ, ಅಣ್ಣ ಬೇಡ, ಹಿಂದೆಯೇ ಇರು, ನಿನ್ನ ಜಾಗ ಅಲ್ಲೇ — ಏಟು, ಬೆರಳು, ನಡುವೆ ಇನ್ನೂ ಒಂದು ಕೂದಲೆಳೆ, ಏಟು, ಬೆರಳು, ಕೂದಲಿನ ಅರ್ಧ — ಬಿತ್ತು. ಜೊತೆಗೇ ಬಿತ್ತು. ಅವನು ಕಣ್ಣು ತೆರೆದ, ಮುಖ ಇಷ್ಟಗಲವಾಯಿತು, ನೋಡ್ದ್ಯಾ ಪುಟ್ಟಿ, ಬಂತು, ಬರ್ತೀನಿ ಅಂತ ಹೇಳು ಅವನಿಗೆ. ಹೇಳ್ತೀನಿ ಅಂದೆ. ಮಂಡಿಯ ಮೇಲೆ ಬೆರಳು. ಮತ್ತೆ ಬಿತ್ತು. ಗೆರೆಯ ಮೇಲೆ. ಮತ್ತೆ ಬೆರಳು. ಗೆರೆಯ ಮೇಲೆ. ಬೆರಳು