ತೊಟ್ಟಿಲು ಕಟ್ಟಿದ ತೊಲೆ

ನನ್ನನ್ನು ಕೇಳದೆ ನಮ್ಮ ಬೀದಿಯಲ್ಲಿ ಇಲಿ ಕೂಡ ಬಿಲ ಬದಲಿಸುವುದಿಲ್ಲ. ನಾನು ಹೊಲಿಯುವುದು ಅಂಗಿ, ಆದರೆ ಅರ್ಧ ಊರಿನ ಮನೆ ವ್ಯಾಪಾರ ಕುದುರಿದ್ದು ನನ್ನ ಅಂಗಡಿಯ ಬೆಂಚಿನ ಮೇಲೆ.

ಆ ಸಂಜೆ, ನಾವೆಲ್ಲ ಪುಕ್ಕಲ ಎಂದೇ ಕರೆಯುವ ಬಸ್ ಡ್ರೈವರ್ ತನ್ನ ಹೆಂಡತಿಯೊಂದಿಗೆ ಓಡಿ ಬಂದ. ಎದುರಿಗೆ ಲಾರಿ ನುಗ್ಗಿದರೂ ಅಂಜದವನು, ಬ್ಯಾಂಕಿನ ಕಾಗದ ಕಂಡರೆ ಬೆವರುತ್ತಾನೆ. ಅವನು ಕಾಗದ ಬೀಸಿಕೊಂಡು ಬಂದ ರಭಸದ ಗಾಳಿಗೆ ನನ್ನ ನೂಲುಂಡೆಗಳೆಲ್ಲ ಉರುಳಿಹೋದವು.

ನರ್ಸಮ್ಮನ ಮನೆ ಕೊಳ್ಳಲು ಅವನು ಸಾಲ ಕೇಳಿದ್ದ. ಬ್ಯಾಂಕ್ ಕಳಿಸಿದ ಎಂಜಿನಿಯರು ಮನೆ ನೋಡಿ, ಮಾತಾಗಿದ್ದಕ್ಕಿಂತ ಕಡಿಮೆ ಬೆಲೆ ಕಟ್ಟಿದ್ದರು. ನಡುಮನೆಯ ತೊಲೆಯನ್ನು ಗೆದ್ದಲು ಒಳಗಿಂದ ತಿಂದಿದೆ ಎಂದು ವರದಿ ಬರೆದಿದ್ದರು.

"ಅಣ್ಣಾ, ಈ ವರದಿ ನರ್ಸಮ್ಮಂಗೆ ತೋರಿಸ್ಲಾ? ಸಿಟ್ಟಾಗಿ ಬೇರೆಯವ್ರಿಗೆ ಮಾರ್ಬಿಟ್ರೆ?"

"ತೋರಿಸ್ದೇ ಇದ್ರೆ, ಬ್ಯಾಂಕು ಸಾಲದಲ್ಲಿ ಕಡಿಮೆ ಮಾಡೋ ದುಡ್ಡನ್ನ ನಿನ್ನ ಬಸ್ಸು ಮೊಟ್ಟೆ ಇಟ್ಟು ಕೊಡುತ್ತಾ? ಲೋ, ಬೆಲೆ ಕಡಿಮೆ ಬಂದ್ರೆ ತೋರಿಸಿ ಚೌಕಾಸಿ ಮಾಡು. ಜಾಸ್ತಿ ಬಂದಿದ್ರೆ ಬಾಯಿಗೆ ಹೊಲಿಗೆ ಹಾಕ್ಕೋ. ಬೇಕಾದ್ರೆ ನಾನೇ ಹಾಕ್ತೀನಿ."

"ನಾಳೆ ನೋಡೋಣ ಬಿಡಣ್ಣ."

ಅವನ ಹೆಂಡತಿಯ ಮುಖ ಬಿಳಿಚಿಕೊಂಡಿತು. "ರೀ... ನರ್ಸಮ್ಮನ ಮೊಮ್ಮಗಳ ತೊಟ್ಟಿಲು ಕಟ್ಟಿರೋದು ಅದೇ ತೊಲೆಗಲ್ವಾ?"

ಹುಲಿಯ ಮೀಸೆಗೆ ಎಣ್ಣೆ ಹಚ್ಚುವ ಎದೆ ನನ್ನದು. ಆದರೂ ಕೈಯಿಂದ ಕತ್ತರಿ ಜಾರಿತು.

ನರ್ಸಮ್ಮನ ಮನೆಗೆ ಓಡಿದೆವು. ಬಾಗಿಲಲ್ಲೇ ಹಗ್ಗದ ಸದ್ದು ಕೇಳಿಸಿತು. ಕಿರ್... ಕಿರ್... ಮಗುವಿನ ಹೊದಿಕೆಯ ಮೇಲೆ ಹಿಟ್ಟಿನಂಥ ಪುಡಿ ಉದುರಿತ್ತು. "ತೊಲೆಗೆ ಗೆದ್ದಲು ಹಿಡ್ದಿದೆ!" ಎಂದು ನಾನು ಕೂಗಿದೆ.

ನರ್ಸಮ್ಮ ಸೊಂಟಕ್ಕೆ ಕೈಯಿಟ್ಟರು. "ಬೆಲೆ ಇಳಿಸೋಕೆ ಮೂರೂ ಜನ ನಾಟಕ ಕಟ್ಕೊಂಡು ಬಂದ್ರಾ? ನಮ್ಮಪ್ಪ ಹಾಕಿಸಿದ ತೊಲೆ ಅದು!"

ಪುಕ್ಕಲ ವರದಿಯನ್ನು ಅವರ ಕೈಗಿಟ್ಟ. "ಬೆಲೆ ಆಮೇಲೆ ಮಾತಾಡೋಣ ಅಮ್ಮಾ. ಮೊದ್ಲು ಮಗೂನ ಎತ್ಕೊಳ್ಳಿ."

ಅವರು ಓದಿದರು. ಮಗುವನ್ನು ಎತ್ತಿ ಎದೆಗವಚಿಕೊಂಡರು. ನಾನು ಉದ್ದ ಕೋಲಿನಿಂದ ತೊಲೆಯನ್ನು ತಿವಿದೆ. ಮೇಲೆ ಬಣ್ಣ ಮಾತ್ರ, ಒಳಗೆ ಟೊಳ್ಳು. ಕೋಲು ಬೆಣ್ಣೆಗಿಳಿದಂತೆ ಇಳಿಯಿತು. ಈ ಒಂದು ಮಾತಿನಲ್ಲಿ ಉತ್ಪ್ರೇಕ್ಷೆ ಇಲ್ಲ.

ನರ್ಸಮ್ಮ ಮಗುವಿನ ಮೈಮೇಲಿನ ಪುಡಿ ಕೊಡವಿದರು. ಪುಕ್ಕಲನ ಕಡೆ ತಿರುಗಿ, "ನೀನು ಇದನ್ನ ಮುಚ್ಚಿಟ್ಟಿದ್ರೆ..." ಎಂದರು. ತೊಲೆ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಅವರೇ ಕಳೆದರು. ಮನೆ ಪುಕ್ಕಲನದಾಯಿತು.

ಮನೆ ಕೊಳ್ಳುವವರೇ, ಮನೆಗೆ ಬೆಲೆ ಕಟ್ಟಿದ ವರದಿಯ ಪ್ರತಿಯನ್ನು ಬ್ಯಾಂಕಿನಿಂದ ಕೇಳಿ ಪಡೆಯಿರಿ. ಬೆಲೆ ಕಡಿಮೆ ಬಂದರೆ ಮಾರುವವರಿಗೆ ತೋರಿಸಿ, ಮಾತಾಡಿ. ಹೆಚ್ಚು ಬಂದರೆ ತೋರಿಸುವುದು ಬಿಡುವುದು ನಿಮ್ಮಿಷ್ಟ. ಆದರೆ ಅದರಲ್ಲಿ ಅಪಾಯದ ಮಾತಿದ್ದರೆ ನಾಳೆಗೆ ಇಡಬೇಡಿ. ಆ ಮನೆ ನಿಮ್ಮದಾಗುವ ತನಕ, ಅದರ ಸೂರಿನ ಕೆಳಗೆ ಇನ್ನೊಬ್ಬರ ಮಗು ಮಲಗಿರುತ್ತದೆ.