ಹಾಳೆಯ ಅಂಚಿನಲ್ಲೊಂದು ಹೊಲಿಗೆ

ಫ್ಯಾನು ಟಕ್ ಟಕ್ ಅನ್ನುತ್ತಿದೆ, ಥೇಟ್ ಹೊಲಿಗೆ ಮಿಷನ್ನಿನ ಹಾಗೆ, ಅಲ್ಲ, ಅಮ್ಮನ ಮಿಷನ್ನು ಹೀಗೆ ಮುಗ್ಗರಿಸುವುದಿಲ್ಲ, ಅದರ ಸದ್ದು ನಿಂತಿತೆಂದರೆ ಪ್ರಶ್ನೆ ಬಂತೆಂದೇ ಅರ್ಥ, ತುಟಿಗಳ ನಡುವೆ ಸೂಜಿ ಕಚ್ಚಿಕೊಂಡೇ ಅಮ್ಮ, ಏನೇ, ಆ ತ್ರಿಕೋನ ಇನ್ನೂ ನಿನ್ನ ಮಾತು ಕೇಳ್ತಿಲ್ವಾ — ಈಗ ಮೇಜಿನಾಚೆ ಕಾಲೇಜಿನ ಗುಮಾಸ್ತರು ಮಗಳ ನೋಟ್‌ಬುಕ್ಕುಗಳನ್ನು ತಿರುವುತ್ತಿದ್ದಾರೆ, ಮನೆಯಲ್ಲೇ ಓದಿದವರು ತಿದ್ದಿದ ಪುಸ್ತಕ ತೋರಿಸಬೇಕು, ಆಮೇಲೇ ಪ್ರವೇಶ ಪರೀಕ್ಷೆ, ತಿದ್ದಿದ್ದೆಲ್ಲಮ್ಮಾ, ಒಂದು ಗೀಟೂ ಇಲ್ವಲ್ಲ, ಅವಳ ನಾಲಿಗೆ ಅಂಗುಳಿಗೆ ಅಂಟಿಕೊಂಡಿದೆ, ಏಳನೇ ಕ್ಲಾಸಿನಲ್ಲಿ ಎದ್ದು ನಿಂತು ಪದ್ಯ ಓದು ಅಂದಾಗ ಅಂಟಿಕೊಂಡ ಹಾಗೇ, ಇಡೀ ಕ್ಲಾಸು ಗೊಳ್ಳೆಂದಿತ್ತು, ಮರುದಿನವೂ ಬಾಯಿ ಬಿಡಲಿಲ್ಲ, ಅದರ ಮರುದಿನವೂ, ಸಾಕು, ನಾನೇ ಕಲಿಸ್ತೀನಿ ಅಂದಳು ಅಮ್ಮ, ಅತ್ತೆ ನಕ್ಕಿದ್ದರು, ಕತ್ತರಿ ಹಿಡಿಯೋಳು ಕಾಲೇಜಿಗೆ ಕಳಿಸ್ತಾಳಂತೆ, ಕೇಳಿದ್ರಾ.

ಗೀಟಿದ್ದವು, ಅಮ್ಮ ಬಟ್ಟೆಗೆ ಗೆರೆ ಎಳೆಯುವ ನೀಲಿ ಚಾಕ್‌ಪೀಸಿನಲ್ಲಿ, ತಪ್ಪು ಅಂದ್ರೆ ಕೊಡವಿದರೆ ಹೋಗ್ಬೇಕು ಕಣೆ, ಶಾಯೀಲಿ ಯಾಕೆ ಹೊಡೀಲಿ, ಹೋಗಿಯೇಬಿಟ್ಟಿವೆ ನಾಲ್ಕು ವರ್ಷದ ತಪ್ಪುಗಳು, ಪುಡಿ ಕೂಡ ಉಳಿದಿಲ್ಲ — ಗುಮಾಸ್ತರ ಹೆಬ್ಬೆರಳು ಅಂಚಿನಲ್ಲಿ ತಡೆಯಿತು, ಇದೇನಮ್ಮಾ ದಾರ, ಎಲ್ಲಾ ಪಾಠಕ್ಕೂ ಒಂದೊಂದು, ಹೇಳೇ, ಮಿಷನ್ ನಿಂತಿದೆ, ಅಮ್ಮ ಕಾಯ್ತಿದ್ದಾಳೆ, ಅದು, ಪಾಠ ಪೂರ್ತಿ ಬಂತು ಅಂತ ಸಾರ್, ಬಂದ ಮೇಲೇ ಅಮ್ಮ ಒಂದು ಹೊಲಿಗೆ ಹಾಕೋದು, ಆವತ್ತು ಯಾವ ದಾರ ಇತ್ತೋ ಅದು, ಈ ಹಳದಿ ನರ್ಸಕ್ಕನ ಮಗುವಿನ ಅಂಗಿದು, ವರ್ಗ ಸಮೀಕರಣ, ಮೂರು ಸಲ ಬಿಚ್ಚಿಸಿದ್ದಳು, ಅಂಗಿಯನ್ನಲ್ಲ ಸಾರ್, ಲೆಕ್ಕಾನ — ತನ್ನದೇ ದನಿ ಇಷ್ಟುದ್ದ ಬಂದದ್ದು ಕೇಳಿ ಅವಳಿಗೇ ದಿಗಿಲು, ಅವರು ನಗಲಿಲ್ಲ, ಪುಸ್ತಕ ಮುಚ್ಚಿ, ಹಾಗಾದ್ರೆ ಆ ಹಳದೀದು ಬಾಯಲ್ಲೇ ಹೇಳು ನೋಡೋಣ, ಹೇಳಿದಳು, ಕಣ್ಣು ಮುಚ್ಚಿ, ಇಸ್ತ್ರಿಯ ಬಿಸಿವಾಸನೆ, ಮೇಜಿನ ಕೆಳಗೆ ಕಾಲಿಗೆ ತೊಡರುವ ಚಿಂದಿ, ಅಮ್ಮನ ಹ್ಞೂಂ, ಹ್ಞೂಂ, ಮುಂದೆ, ಕಣ್ಣು ಬಿಟ್ಟಾಗ ಅರ್ಜಿಯ ಮೇಲೆ ಮೊಹರು ಬಿದ್ದಿತ್ತು, ಸೋಮವಾರ ಪರೀಕ್ಷೆ, ಹೊತ್ತಿಗೆ ಸರಿಯಾಗಿ ಬಾ, ಆಮೇಲೆ ಅವರೇ, ನಮ್ಮ ಮೇಷ್ಟ್ರುಗಳು ಕೆಂಪು ಶಾಯಿಯವರಪ್ಪ, ಹೆದರ್ಕೋಬೇಡ.

ಕೆಂಪು ಶಾಯಿ, ಹೌದು, ಇನ್ನು ಮೇಲೆ ಕೊಡವಿದರೂ ಹೋಗುವುದಿಲ್ಲ, ಪುಸ್ತಕಗಳನ್ನು ಚೀಲಕ್ಕೆ ಹಾಕುವಾಗ ಕೊನೆಯದರಿಂದ ಏನೋ ಚುಚ್ಚಿತು, ಬೆಳಿಗ್ಗೆ ಬಸ್ಸಿಗೆ ಹೊತ್ತಾಯಿತೆಂದು ಅಮ್ಮ ಅರ್ಧಕ್ಕೇ ಬಿಟ್ಟದ್ದು, ಹೋಗಿ ಬಾ, ಬಂದ ಮೇಲೆ ಹಾಕ್ತೀನಿ, ಕೊನೇ ಪಾಠ, ಕೊನೇ ಹೊಲಿಗೆ, ಈಗ ಹೋದರೆ ಹಾಕಿಬಿಡುತ್ತಾಳೆ, ಹಲ್ಲಿನಲ್ಲಿ ದಾರ ಕಡಿದು, ಮುಗೀತು ನೋಡು ಅಂದುಬಿಡುತ್ತಾಳೆ, ಒಂದು ಬಸ್ಸು ಬಿಡಲೇ, ಇನ್ನೊಂದು ಬಸ್ಸು — ಹಾಳೆಯಲ್ಲಿ ಸೂಜಿ, ಸೂಜಿಯ ಕಣ್ಣಲ್ಲಿ ಬಿಳಿ ದಾರ, ದಾರಕ್ಕೆ ಇನ್ನೂ ಗಂಟಿಲ್ಲ, ಸೂಜಿ