ಬುಗುರಿಯ ಬಟ್ಟಲಿನ ತೂಕ

ನಮ್ಮ ಮನೆಯಲ್ಲಿ ತಕ್ಕಡಿ ಇಲ್ಲದ ಜಾಗ ಎಂದರೆ ಬಚ್ಚಲುಮನೆ ಒಂದೇ. ಹಜಾರದ ಕಪಾಟಿನಲ್ಲಿ ಚಿನ್ನ ತೂಗುವ ಪುಟಾಣಿ ತಕ್ಕಡಿ, ಮಂಚದ ಕೆಳಗೆ ಮೂಟೆ ತೂಗುವ ಕಬ್ಬಿಣದ್ದು, ಅಡುಗೆಮನೆಯ ಕಟ್ಟೆಯ ಮೇಲೆ ಅಂಕಿ ಮಿನುಗುವ ಹೊಸದು. ನಮ್ಮ ಯಜಮಾನರು ತಕ್ಕಡಿ ರಿಪೇರಿ ಮಾಡುವವರು. ಬೀದಿಯವರಿಗೆಲ್ಲ ತಕ್ಕಡಿ ಮೇಷ್ಟ್ರು. ಅವರು ಮುಟ್ಟಿದ ತಕ್ಕಡಿ ಕೂದಲೆಳೆಯಷ್ಟೂ ಸುಳ್ಳು ಹೇಳುವುದಿಲ್ಲ ಎಂದು ಅಂಗಡಿಯವರು ಆಣೆ ಮಾಡುತ್ತಾರೆ. ಅಂಥವರನ್ನು ಕಟ್ಟಿಕೊಂಡೂ ನಾನು ಇವತ್ತಿನವರೆಗೆ ಕೈ ಅಳತೆಯಲ್ಲೇ ಅಡುಗೆ ಮಾಡಿದವಳು. ಒಂದು ಹಿಡಿ, ಅರ್ಧ ಹಿಡಿ, ಒಂದು ಚಿಟಿಕೆ. ಉಂಡವರು ಯಾರೂ ಮುಖ ಕಿವುಚಿಲ್ಲ.

ಹೋದ ವರ್ಷ ಅವರಿಗೆ ಹೃದಯಾಘಾತವಾಯಿತು. ಬದುಕಿ ಮನೆಗೆ ಬಂದರಲ್ಲ, ಅದು ದೊಡ್ಡದು. ಆಸ್ಪತ್ರೆಯವರು ಹೇಳಿ ಕಳಿಸಿದ್ದು ಎರಡೇ ಮಾತು: ಅಳೆದು ಉಣ್ಣಿ, ದಿನಾ ನಡೆಯಿರಿ. ಇವರು ಎರಡಕ್ಕೂ ತಲೆಯಾಡಿಸಿ ಬಂದು ಕುರ್ಚಿಯಲ್ಲಿ ಕುಳಿತರು. ಬೆಳಿಗ್ಗೆ ಕುರ್ಚಿ, ಮಧ್ಯಾಹ್ನ ಕುರ್ಚಿ, ಸಂಜೆ ಬೇಸರವಾದರೆ ಅದೇ ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿಕೊಳ್ಳುವುದು. ನಾನು ಗೋಗರೆದೆ, ಬೈದೆ, ಮಾತು ಬಿಟ್ಟೆ. ಜಪ್ಪಯ್ಯ ಅಂದರೂ ಏಳಲಿಲ್ಲ. ಕೊನೆಗೆ ಮಗಳು ಒಂದು ನಾಯಿಮರಿ ತಂದು ಅವರ ತೊಡೆಯ ಮೇಲಿಟ್ಟಳು.

"ಅಪ್ಪ, ಇದನ್ನ ದಿನಾ ಆಚೆ ಕರ್ಕೊಂಡು ಹೋಗ್ಲೇಬೇಕು. ಇಲ್ಲಾಂದ್ರೆ ಮನೆಯೆಲ್ಲ ಗಲೀಜು ಮಾಡುತ್ತೆ. ಆಮೇಲೆ ಅಮ್ಮ ನಿಮ್ಮಿಬ್ರನ್ನೂ ಸೇರಿಸಿ ಆಚೆ ಹಾಕ್ತಾಳೆ," ಎಂದಳು. ನನ್ನ ಮಗಳಲ್ಲವೇ, ನನ್ನ ಸ್ವಭಾವ ಅವಳಿಗೆ ಗೊತ್ತು.

ಮರಿ ದೊಡ್ಡದಾಯಿತು. ಉದ್ದ ಕಾಲು, ಒಂದು ಕಿವಿ ಮೇಲೆ, ಇನ್ನೊಂದು ಕೆಳಗೆ. ನಿಂತಲ್ಲಿ ನಿಂತದ್ದನ್ನು ಕಂಡವರಿಲ್ಲ, ಹಾಗಾಗಿ ಬುಗುರಿ ಎಂದೇ ಹೆಸರಾಯಿತು. ಅದು ಇವರನ್ನು ಮೊದಲು ಬೀದಿಯ ತಿರುವಿನವರೆಗೆ ಎಳೆಯಿತು, ಆಮೇಲೆ ಪಾರ್ಕಿನವರೆಗೆ, ಆಮೇಲೆ ಆಟದ ಮೈದಾನದ ಸುತ್ತ. ಇವರು "ಏಯ್, ನಿಧಾನ, ನಿಧಾನ," ಎನ್ನುತ್ತಾ ಹಿಂದೆ ಹಿಂದೆ ಓಡುತ್ತಿದ್ದರು. ಮುಖಕ್ಕೆ ಕಳೆ ಬಂತು. ಮೆಟ್ಟಿಲು ಹತ್ತುವಾಗ ಶಿಳ್ಳೆ ಹಾಕಲು ಶುರುಮಾಡಿದರು. ನಾಯಿಗೆ ನಾನು ದಿನಾ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ.

ಅದರ ಊಟ ಆಗ ನನ್ನ ಕೈಯಲ್ಲಿತ್ತು. ನಾವು ಉಂಡದ್ದೇ ಅದಕ್ಕೂ. ಸ್ವಲ್ಪ ದಿನಕ್ಕೆ ಮೈ ಕೆರೆದುಕೊಳ್ಳಲು ಶುರುಮಾಡಿತು, ಕೂದಲು ಉದುರಿತು. ನಾಯಿ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆವು. ಮಗಳ ವಯಸ್ಸಿನವಳು, ಆದರೆ ಬಾಯಿ ಜೋರು.

"ಇದು ಸೋಫಾ ಮೇಲೆ ಬಿದ್ದಿರೋ ನಾಯಿ ಅಲ್ಲ ಆಂಟಿ, ಓಡೋ ನಾಯಿ," ಎಂದಳು. "ಓಡೋ ಶಕ್ತಿಗೆ ಅನ್ನ ಬೇಕು, ಮೈ ಕಟ್ಟೋಕೆ ಮಾಂಸ, ಮೊಟ್ಟೆ ಬೇಕು, ಹೊಟ್ಟೆ ಸರಿಯಾಗಿರೋಕೆ ತರಕಾರಿ ಬೇಕು. ಮೂಳೆಗೆ ನಾನೊಂದು ಪುಡಿ ಕೊಡ್ತೀನಿ. ಉಪ್ಪು, ಖಾರ, ಈರುಳ್ಳಿ ತೋರಿಸ್ಲೂಬೇಡಿ. ಒಂದು ಜಾಸ್ತಿ ಆಗಿ ಇನ್ನೊಂದು ಕಮ್ಮಿ ಆದ್ರೆ ಇದೇ ಗತಿ."

ಹಾಗೆಂದು ಯಾವುದು ಎಷ್ಟು ಗ್ರಾಂ ಎಂದು ಒಂದೊಂದಾಗಿ ಹೇಳಿದಳು. ಗ್ರಾಂ ಎಂದ ಕೂಡಲೇ ನಮ್ಮ ಯಜಮಾನರ ಬೆನ್ನು ನೆಟ್ಟಗಾಯಿತು. ಅಷ್ಟೂ ಬಾಯಿಪಾಠ ಮಾಡಿಕೊಂಡರು. ದಾರಿಯಲ್ಲಿ ನನ್ನ ಕಡೆ ತಿರುಗಿ, "ಇನ್ಮೇಲೆ ಬುಗುರಿ ಅಡುಗೆ ನಂದು. ನಿನ್ನ ಹಿಡಿ, ಚಿಟಿಕೆ ಎಲ್ಲ ನಡೆಯಲ್ಲ," ಎಂದರು. ಸ್ವಲ್ಪ ದೂರ ನಡೆದು, "ನಾಯಿಗೆ ಅಳೆದು ಹಾಕಿ ನಾನು ಅಳೀದೆ ತಿಂದ್ರೆ ಅದು ನನ್ನ ಮುಖ ನೋಡಲ್ಲ. ಆಸ್ಪತ್ರೇಲಿ ಊಟದ ಮೇಡಂ ನಂಗೂ ಯಾವುದು ಎಷ್ಟು ಗ್ರಾಂ ಅಂತ ಹೇಳಿದ್ರಲ್ಲ, ಅದನ್ನೂ ಇವತ್ತಿಂದಾನೇ ಶುರು ಮಾಡ್ತೀನಿ," ಎಂದರು. ಕಟ್ಟಿಕೊಂಡ ಹೆಂಡತಿ ಹೇಳಿದರೆ ಕೇಳದ ಮಾತು ನಾಯಿಯ ಮುಲಾಜಿಗೆ ಕೇಳಿತಲ್ಲ ಎಂದು ಸಿಟ್ಟೂ ಬಂತು, ಖುಷಿಯೂ ಆಯಿತು.

ಅಲ್ಲಿಗೆ ನನ್ನ ಅಡುಗೆಮನೆಯ ಅರ್ಧ ಭಾಗ ಕೈಬಿಟ್ಟು ಹೋಯಿತು. ಇವರು ಎರಡು ಮೂರು ದಿನಕ್ಕಾಗುವಷ್ಟು ಅನ್ನ, ಕೋಳಿ, ಕುಂಬಳಕಾಯಿ, ಕ್ಯಾರೆಟ್ಟು ಬೇರೆ ಬೇರೆ ಬೇಯಿಸಿ ಫ್ರಿಜ್ಜಿನಲ್ಲಿಡುತ್ತಿದ್ದರು. ಹೊತ್ತು ಹೊತ್ತಿಗೆ ತೆಗೆದು ತಕ್ಕಡಿಯ ಮೇಲೆ ಬುಗುರಿಯ ಬಟ್ಟಲು ಇಟ್ಟು, ಅದರೊಳಕ್ಕೆ ಚಮಚದಲ್ಲಿ ಹಾಕಿ ತೂಗುವುದು. ಒಂದು ಅಗುಳು ಹೆಚ್ಚಾದರೆ ಬೆರಳಲ್ಲಿ ತೆಗೆಯುವುದು. ಬುಗುರಿ ಪಕ್ಕದಲ್ಲಿ ಕುಳಿತು ಆ ಬೆರಳನ್ನೇ ನೋಡುತ್ತಿತ್ತು. ಅದಾದ ಮೇಲೆ ತಮ್ಮ ತಟ್ಟೆ. ನಾನು ಬಿಸಿ ಅನ್ನ ಬಡಿಸಿ ಕೊಟ್ಟರೆ ಅದನ್ನೂ ಒಯ್ದು ತೂಗಿ, ಮುಕ್ಕಾಲು ಭಾಗ ಪಾತ್ರೆಗೆ ವಾಪಸ್ಸು.

"ಬಡಿಸಿದ್ದನ್ನ ತೂಗ್ತಾ ಕೂತಿದೀರಲ್ಲ, ಅನ್ನ ಏನು ಚಿನ್ನಾನಾ?" ಎಂದು ಕೇಳಿದೆ.

"ತೂಕ ಅಂದ್ರೆ ಕೈಗೆ ಕೊಡೋ ಹೊತ್ತಿನ ತೂಕ ಕಣೆ," ಎಂದರು. "ಗೋದಾಮಲ್ಲಿ ಎಷ್ಟಿತ್ತು, ದಾರೀಲಿ ಎಷ್ಟು ಒಣಗ್ತು, ಅದೆಲ್ಲ ಗಿರಾಕಿಗೆ ಬೇಡ. ತಟ್ಟೇಲಿ ಏನಿದ್ಯೋ ಅದೇ ಸತ್ಯ. ನಮ್ಮಪ್ಪ ಕಲಿಸಿದ್ದು ಇದೊಂದೇ ಪಾಠ."

ಮಾವನವರ ಹೆಸರು ಬಂದ ಮೇಲೆ ವಾದ ಮಾಡಿ ಪ್ರಯೋಜನವಿಲ್ಲ. ಬುಗುರಿಯ ತುರಿಕೆಯೂ ನಿಂತಿತು. ಅದೊಂದು ಗೆಲುವು ಸಾಕಾಯಿತು ಇವರಿಗೆ, ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಊಟ ಬಲ್ಲವನಿಗೆ ರೋಗವಿಲ್ಲ ಎಂದು ಪ್ರವಚನ ಕೊಡತೊಡಗಿದರು. ಇಷ್ಟೇ ಇಷ್ಟು ಅನ್ನ ಹೇಳಿದ ಆ ಊಟದ ಮೇಡಮ್ಮನ ಕೈ ಎಷ್ಟು ಬಿಗಿಯಪ್ಪಾ ಎಂದು ನಾನು ಒಳಗೊಳಗೇ ಶಪಿಸಿದೆ. ಬಾಯಿ ಬಿಡಲಿಲ್ಲ. ಹೃದಯದ ವಿಷಯ, ಕೈ ಹಾಕುವ ಧೈರ್ಯ ಯಾರಿಗಿದೆ?

ಹಾಗೇ ದಿನ ಕಳೆದವು. ಬುಗುರಿಯ ಪಕ್ಕೆಲುಬು ಕಾಣಿಸಿದವು. "ಓಡೋ ನಾಯಿ ಸಪೂರ ಇರ್ಬೇಕು," ಎಂದರು. ಇವರ ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಹೃದಯದ ಡಾಕ್ಟರು ತೂಕ ಇಳಿದಿದೆ, ಭೇಷ್ ಎಂದು ಬೆನ್ನು ತಟ್ಟಿ ಕಳಿಸಿದರು. ಆದರೆ ಮೈದಾನದ ಸುತ್ತು ನಿಂತಿತು. ಆಮೇಲೆ ಪಾರ್ಕೂ ನಿಂತಿತು. ಬೀದಿಯ ತಿರುವಿನವರೆಗೆ ಹೋಗಿ ಬುಗುರಿ ಕುಳಿತುಬಿಡುತ್ತಿತ್ತು, ಇವರೂ ಗೋಡೆಗೆ ಕೈಯೂರಿ ನಿಂತು ಇಬ್ಬರೂ ವಾಪಸ್ಸು. ಶಿಳ್ಳೆ ಯಾವಾಗ ನಿಂತಿತೋ ನನಗೆ ಗೊತ್ತೇ ಆಗಲಿಲ್ಲ. ಒಂದು ದಿನ ನೋಡುತ್ತೇನೆ, ಇವರು ಮತ್ತೆ ಕುರ್ಚಿಯಲ್ಲಿ, ಅದು ಕುರ್ಚಿಯ ಕೆಳಗೆ.

"ನಾಯೀನ ಡಾಕ್ಟರಮ್ಮಂಗೆ ತೋರ್ಸೋಣ್ವಾ?" ಎಂದೆ.

"ಅದಕ್ಕೇನಾಗಿದೆ, ಅಳೆದು ತೂಗಿ ತಿಂತಾ ಇದೆ. ನನ್ನ ಜೊತೆ ಸೇರಿ ಅದಕ್ಕೂ ಬೇಸರ ಬಂದಿರ್ಬೇಕು. ಮುಂದಿನ ವಾರ ನೋಡೋಣ," ಎಂದು ಕಣ್ಣು ಮುಚ್ಚಿಕೊಂಡರು.

ನನಗೆ ಹೆದರಿಕೆಯಾಯಿತು. ಸುತ್ತಿ ಬಳಸಿ ಹೇಳುವುದೇನಿದೆ, ಇವರು ನನ್ನನ್ನು ಬಿಟ್ಟು ಹೋಗುತ್ತಾರೆ ಎಂದೇ ಹೆದರಿದೆ. ಪಾತ್ರೆ ತೊಳೆಯುವಾಗ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಿದ್ದೂ ಉಂಟು. ಮಗಳಿಗೆ ಫೋನು ಮಾಡಿ ಏನು ಹೇಳಲಿ? ಅಪ್ಪ ಡಾಕ್ಟರು ಹೇಳಿದ ಹಾಗೆಯೇ ತಿನ್ನುತ್ತಿದ್ದಾರೆ, ಡಾಕ್ಟರು ಭೇಷ್ ಎಂದಿದ್ದಾರೆ, ಆದರೂ ಕರಗುತ್ತಿದ್ದಾರೆ ಎನ್ನಲೇ? ನಾಯಿಗಾದರೂ ಕದ್ದು ಒಂದು ತುತ್ತು ಹಾಕೋಣ ಎಂದರೆ ಮತ್ತೆ ತುರಿಕೆ ಬಂದೀತೆಂಬ ಭಯ. ಬಂದರೆ ಇವರು ಬದುಕಿರುವವರೆಗೂ ಅದನ್ನೇ ಆಡಿ ತೋರಿಸುತ್ತಾರೆ.

ಹೀಗಿರುವಾಗ ಒಂದು ಬೆಳಿಗ್ಗೆ ದಿನಸಿ ಅಂಗಡಿಯವರು ಓಡಿ ಬಂದರು. ಅವರ ದೊಡ್ಡ ತಕ್ಕಡಿ ಕೆಟ್ಟು ನಿಂತಿತ್ತು, ಬಾಗಿಲಲ್ಲಿ ಮೂಟೆಗಳ ಸಾಲು. ಕೆಲಸ ಎಂದರೆ ಇವರಿಗೆ ಇಲ್ಲದ ಬಲವೂ ಬರುತ್ತದೆ. ಸಲಕರಣೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ಬಾಗಿಲಲ್ಲಿ ನಿಂತು, "ಬುಗುರಿದು ಖಾಲಿಯಾಗಿದೆ. ಇದೊಂದು ಹೊತ್ತು ನೀನೇ ಮಾಡಿ ಹಾಕು. ತೂಗಿ ಹಾಕು, ನಿನ್ನ ದಮ್ಮಯ್ಯ," ಎಂದು, ಅಕ್ಕಿ ಇಷ್ಟು, ಕೋಳಿ ಇಷ್ಟು, ಕುಂಬಳಕಾಯಿ ಇಷ್ಟು ಎಂದು ಒಪ್ಪಿಸಿ ಹೋದರು.

ಆ ದಮ್ಮಯ್ಯ ಕೇಳಿ ನನಗೆ ಮೈಯೆಲ್ಲ ಉರಿಯಿತು. ಆಮೇಲೆ ನನ್ನ ಮೇಲೆ ತಪ್ಪು ಬರಬಾರದು ಎಂದು ಅವರ ತಕ್ಕಡಿಯನ್ನೇ ಎಳೆದು, ಹೇಳಿದ ಅಂಕಿ ಬರುವವರೆಗೆ ಅಕ್ಕಿ ಸುರಿದೆ. ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆಯಿಲ್ಲ. ತೊಳೆದು ಒಲೆಯ ಮೇಲಿಟ್ಟೆ. ಕೋಳಿ, ಕುಂಬಳಕಾಯಿಯೂ ಹಾಗೆಯೇ. ಬೆಂದ ಮೇಲೆ ನೋಡಿದರೆ ಬುಗುರಿಯ ಬಟ್ಟಲಿಗೆ ಅರ್ಧವೂ ಹಿಡಿಸಲಿಲ್ಲ. ಇಷ್ಟನ್ನು ಇವರು ಹೇಗೆ ತುಂಬುತ್ತಿದ್ದರಪ್ಪಾ ಎನ್ನಿಸಿತು. ಹಿಡಿದಷ್ಟು ಹಾಕಿದೆ. ಬುಗುರಿ ಬಟ್ಟಲು ನೋಡಿತು, ನನ್ನ ಮುಖ ನೋಡಿತು, ಯಾರಾದರೂ ಬೆರಳು ಹಾಕುತ್ತಾರೇನೋ ಎಂದು ಕಾಯಿತು. ಯಾರೂ ಹಾಕಲಿಲ್ಲ. ತಿಂದಿತು. ಉಳಿದದ್ದನ್ನೂ ಹಾಕಿದೆ, ಅದನ್ನೂ ತಿಂದಿತು. ಬಟ್ಟಲು ನೆಕ್ಕಿ ನೆಕ್ಕಿ ಬಾಗಿಲವರೆಗೆ ತಳ್ಳಿಕೊಂಡು ಹೋಗಿ, ಅಲ್ಲೇ ಹೊಟ್ಟೆ ಚಾಚಿ ಮಲಗಿ ಗೊರಕೆ ಹೊಡೆಯಿತು.

ಯಜಮಾನರು ಮಧ್ಯಾಹ್ನ ಬಂದರು. ಬುಗುರಿ ಎದ್ದು ಎರಡು ಸುತ್ತು ತಿರುಗಿ ಅವರ ಒಂದು ಚಪ್ಪಲಿ ಕಚ್ಚಿಕೊಂಡು ಅಂಗಳಕ್ಕೆ ಹಾರಿತು. ಎಷ್ಟೋ ದಿನಗಳಾಗಿದ್ದವು ಅದು ಹಾಗೆ ಹಾರಿ.

"ಏನು ಹಾಕ್ದೆ ಇದಕ್ಕೆ?"

"ನೀವು ಹೇಳಿದ್ದೇ. ನಿಮ್ಮ ತಕ್ಕಡೀಲೇ ತೂಗಿ ಹಾಕ್ದೆ."

ಅವರು ತೊಳೆಯಲಿಟ್ಟ ಪಾತ್ರೆಯನ್ನು ಎತ್ತಿ ನೋಡಿದರು. ಅನ್ನದ ಗುರುತು ಕಂಠದವರೆಗೆ ಇತ್ತು. "ಇಷ್ಟು ಅನ್ನಾನಾ?"

"ಅಷ್ಟು ಅಕ್ಕಿಗೆ ಅಷ್ಟು ಅನ್ನ ಆಗ್ದೆ ಇನ್ನೇನಾಗುತ್ತೆ? ನೀವು ತಾನೇ ಅಕ್ಕಿ ಅಂದಿದ್ದು."

ಅವರು ಡಬ್ಬದಿಂದ ಅಕ್ಕಿ ತೆಗೆದು ತೂಗಿದರು. ತೊಳೆದು ಇಟ್ಟರು. ಅದು ಬೇಯುವವರೆಗೂ ಒಲೆಯ ಮುಂದೆ ಸ್ಟೂಲು ಹಾಕಿಕೊಂಡು ಪರೀಕ್ಷೆಗೆ ಕುಳಿತವರ ಹಾಗೆ ಕುಳಿತರು. ಬೆಂದ ಅನ್ನವನ್ನು ತಕ್ಕಡಿಗೆ ಸುರಿದು, ಅಂಕಿ ನೋಡಿ, ತಕ್ಕಡಿ ಕೆಟ್ಟಿದೆಯೇ ಎಂದು ಅದರ ಮೇಲೆ ತೂಕದ ಕಲ್ಲು ಇಟ್ಟು ನೋಡಿದರು. ತಕ್ಕಡಿ ಸರಿಯಾಗಿಯೇ ಇತ್ತು. ಫೋನು ಎತ್ತಿ ಡಾಕ್ಟರಮ್ಮನನ್ನು ಕೇಳಿದರು.

"ಹಸೀ ತೂಕಾನೇ ಅಂಕಲ್," ಎಂಬ ದನಿ ನನಗೂ ಕೇಳಿಸಿತು. "ಬೇಯ್ಸೋ ಮುಂಚೆ ತೂಗೋದು. ಎಲ್ರೂ ಹಾಗೇ ತಾನೇ ಮಾಡೋದು? ಅಕ್ಕಿ ನೀರು ಕುಡ್ದು ಅನ್ನ ಆದ್ಮೇಲೆ ಮೂರು ಪಟ್ಟು ತೂಗುತ್ತೆ. ಪಾಪ, ಅದಕ್ಕೆ ಅರೆಹೊಟ್ಟೆ ಹಾಕಿದೀರಾ? ಸದ್ಯಕ್ಕೆ ಒಂದೇ ಸಲಕ್ಕೆ ಜಾಸ್ತಿ ಮಾಡ್ಬೇಡಿ, ನಿಧಾನಕ್ಕೆ ಏರಿಸ್ತಾ ಬನ್ನಿ. ನಾಳೆ ಕರ್ಕೊಂಡು ಬನ್ನಿ, ನೋಡ್ತೀನಿ."

ಫೋನು ಇಟ್ಟರು. ಎಷ್ಟೋ ಅಂಗಡಿಗಳ ಕಳ್ಳ ತಕ್ಕಡಿ ಹಿಡಿದವರು, ತಮ್ಮ ಮನೆಯ ನಾಯಿಯ ಬಟ್ಟಲಲ್ಲಿ ಸಿಕ್ಕಿಬಿದ್ದಿದ್ದರು. ಎಂದೂ ಇಲ್ಲದಷ್ಟು ಗೇಲಿ ನನ್ನ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಕಟ್ಟೆಯ ಮೇಲೆ ಮಗುಚಿಟ್ಟ ಅವರ ತಟ್ಟೆ ಕಣ್ಣಿಗೆ ಬಿತ್ತು.

"ರೀ, ಊಟದ ಮೇಡಂ ನಿಮಗೆ ಹೇಳಿದ್ದು?"

ಅವರು ತಲೆ ಎತ್ತಲಿಲ್ಲ. "ಅದೂ ಅಕ್ಕೀನೇ," ಎಂದರು. "ಅಕ್ಕಿ ಇಷ್ಟು, ಬೇಳೆ ಇಷ್ಟು ಅಂತಾನೇ ಹೇಳಿದ್ರು."

ನಾನು ಅಲ್ಲೇ ನೆಲದ ಮೇಲೆ ಕುಳಿತೆ. ಎಷ್ಟು ದಿನಗಳಿಂದ ಈ ಮನುಷ್ಯ ನನ್ನ ಕಣ್ಣೆದುರೇ, ನನ್ನ ಅಡುಗೆಮನೆಯಲ್ಲೇ, ತುಂಬಿದ ಪಾತ್ರೆಯ ಪಕ್ಕದಲ್ಲೇ ಹಸಿದಿದ್ದರು. ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ, ಎರಡೂ ಬಂದವು.

"ನೀವು ಹೋಗಿಬಿಡ್ತೀರಿ ಅಂದ್ಕೊಂಡಿದ್ದೆ ನಾನು," ಎಂದೆ. "ದಿನಾ ಅದೇ ಯೋಚ್ನೆ. ಈ ಹಾಳು ಕುರ್ಚಿ ನೋಡಿದ್ರೆ ಸಾಕು."

ಅವರು ಸ್ಟೂಲಿನಿಂದ ಇಳಿದು ನನ್ನ ಪಕ್ಕದಲ್ಲಿ ಕುಳಿತರು. "ನಾನೂ ಹಾಗೇ ಅಂದ್ಕೊಂಡಿದ್ದೆ ಕಣೆ," ಎಂದರು. "ಇನ್ನೇನು ಆಯ್ತು, ಸ್ವಲ್ಪ ದಿನ ಅಂತ. ನಿಂಗೆ ಹೇಗೆ ಹೇಳ್ಲಿ? ಬುಗುರಿಗೆ ಮಾತ್ರ ಹೇಳಿದ್ದೆ. ಆ ತಿರುವಲ್ಲಿ ಕೂತ್ಕೊಂಡು."

"ಕಟ್ಕೊಂಡ ಹೆಂಡ್ತಿಗೆ ಹೇಳೋಕೆ ಬಾಯಿ ಬರ್ಲಿಲ್ಲ, ನಾಯಿಗೆ ಹೇಳಿದ್ರಾ?" ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. "ಅದೇನಂತು?"

"ಏನನ್ನುತ್ತೆ. ಅದಕ್ಕೂ ಹಸಿವಾಗಿತ್ತು, ಪಾಪ."

ನಾನು ಎದ್ದು, ಅವರು ಪರೀಕ್ಷೆಗೆಂದು ಬೇಯಿಸಿದ ಅನ್ನವನ್ನು ತಕ್ಕಡಿಯಿಂದ ಇಳಿಸಿ ಅವರ ತಟ್ಟೆಗೆ ಬಡಿಸಿದೆ. ಅವರು ಸಾಕು ಅನ್ನಲಿಲ್ಲ.